ಮೂರು ಕೂಗಿನ ಕಣಿವೆಯಲ್ಲಿ ಹಿಂದೆ ನಡೆದವರು

ಮೇಸ್ತ್ರಿಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಮರೆತಿದ್ದೇನೆ ಅಂತಲ್ಲ. ಹೋದವರನ್ನು ಹೆಸರು ಹಿಡಿದು ಕರೆಯಬಾರದು, ಕರೆದರೆ ತಿರುಗಿ ನೋಡುತ್ತಾರೆ ಎಂದು ನನ್ನ ಅವ್ವ ಹೇಳುತ್ತಿದ್ದಳು. ಬೇರೆಯವರ ವಿಷಯದಲ್ಲಿ ಅದು ಎಷ್ಟು ನಿಜವೋ ಗೊತ್ತಿಲ್ಲ. ಈ ಮನುಷ್ಯನ ವಿಷಯದಲ್ಲಿ ಪರೀಕ್ಷೆ ಮಾಡಲು ನನಗೆ ಧೈರ್ಯವಿಲ್ಲ. ಬದುಕಿರುವಷ್ಟು ದಿನ ಮೊದಲ ಕೂಗಿಗೇ ಓಗೊಟ್ಟವರು ಅವರು.

ತೀರಿಕೊಂಡದ್ದು ದೀಪಾವಳಿ ಕಳೆದ ಮೇಲೆ. ಸಂಕ್ರಾಂತಿಯ ಹೊತ್ತಿಗೆ ಶೇಖರಣ್ಣ ಶಿವಮೊಗ್ಗದ ನನ್ನ ವೆಲ್ಡಿಂಗ್ ಶಾಪಿಗೆ ಬಂದು ಎದುರಿಗಿದ್ದ ಸ್ಟೂಲಿನ ಮೇಲೆ ಕೂತರು. ಶೇಖರಣ್ಣನದು ಭದ್ರಾವತಿಯಲ್ಲಿ ಕಿರಾಣಿ ಅಂಗಡಿ. ಪ್ರತಿ ಶಿವರಾತ್ರಿಗೆ ಘಟ್ಟದ ಕೆಳಗಿನ ಕ್ಷೇತ್ರಕ್ಕೆ ನಡೆದುಕೊಂಡು ಹೋಗುವ ನಮ್ಮ ತಂಡಕ್ಕೆ ಅವರೇ ಮುಂದಾಳು.

"ಕುಮಾರ, ಈ ಸಲ ಹಿಂದೆ ನಡೆಯೋರು ಯಾರು ಮಾರಾಯ?" ಅಂದರು.

"ಯಾರಾದ್ರೂ ನಡೀತಾರೆ ಬಿಡಿ."

"ಯಾರಾದ್ರೂ ಅಂದ್ರೆ ಯಾರೂ ಇಲ್ಲ ಅಂತ. ಎಲ್ಲರ ಮನೆಗೂ ಹೋಗಿ ಬಂದೆ. ಕಣಿವೆ ಅಂದ ತಕ್ಷಣ ಒಬ್ಬನಿಗೆ ಮಂಡಿನೋವು, ಒಬ್ಬನಿಗೆ ಶುಗರ್ರು. ಮೊನ್ನೆ ತನಕ ಕಬಡ್ಡಿ ಆಡ್ತಿದ್ದೋನಿಗೆ ಬೆನ್ನು ಹಿಡ್ಕೊಂಡಿದೆಯಂತೆ. ಮೇಸ್ತ್ರಿ ಜೊತೆ ಹಿಂದೆ ನಡೆದೋನು ನೀನೊಬ್ಬನೇ. ನೀನೇ ಆಗ್ಬೇಕು."

"ಆಯ್ತು ಬಿಡಿ. ಅದೇನು ದೊಡ್ಡ ವಿಷಯಾನಾ?" ಅಂದೆ.

ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಭದ್ರಾವತಿಯ ಫೌಂಡ್ರಿಯಲ್ಲಿ ಮಣ್ಣು ಹೊತ್ತು, ವೆಲ್ಡಿಂಗ್ ಕಲಿತು, ಸ್ವಂತ ಶಾಪು ಹಾಕಿದವನು. ಈ ಊರಿನ ಎಷ್ಟೋ ಮನೆಯ ಗೇಟುಗಳು ನನ್ನ ಕೈಯಲ್ಲಿ ಆದವು. ಆಗಲ್ಲ ಎಂದು ಹೇಳಿ ನನಗೆ ಅಭ್ಯಾಸವಿಲ್ಲ. ಆದರೆ ಶೇಖರಣ್ಣ ಎದ್ದು ಹೋದ ಮೇಲೆ ಮುಖಕ್ಕೆ ಶೀಲ್ಡು ಹಿಡಿದು ಕೂತರೆ ರಾಡು ಕಬ್ಬಿಣಕ್ಕೆ ಅಂಟಿಕೊಳ್ಳತೊಡಗಿತು. ಹೊಸಬರ ಕೈಯಲ್ಲಿ ಅಂಟುತ್ತದೆ, ಇಲ್ಲವೆ ನಡುಗುವ ಕೈಯಲ್ಲಿ. ಆ ದಿನ ಬೇಗ ಬಾಗಿಲು ಹಾಕಿದೆ.

ಯಾಕೆ ನಡುಗಿತು ಎಂದು ಹೇಳಬೇಕಾದರೆ ಆ ಕಣಿವೆಯ ವಿಷಯ ಹೇಳಬೇಕು. ಕಣಿವೆಯ ವಿಷಯ ಹೇಳಬೇಕಾದರೆ ಮೇಸ್ತ್ರಿಯ ವಿಷಯ ಹೇಳಬೇಕು. ಎರಡನ್ನೂ ಬಿಡಿಸಿ ಹೇಳಲು ನನಗೆ ಬರುವುದಿಲ್ಲ.

ಈಗ ಘಟ್ಟಕ್ಕೆ ಟಾರು ರಸ್ತೆ ಇದೆ, ಬಸ್ಸುಗಳು ಸುತ್ತಿಕೊಂಡು ಇಳಿಯುತ್ತವೆ. ಹಳೇ ಕಾಲದ ಯಾತ್ರೆಯ ದಾರಿ ಮಾತ್ರ ಒಂದು ಕಡೆ ಟಾರು ಬಿಟ್ಟು, ಎರಡು ಗುಡ್ಡದ ನಡುವಿನ ಸಂದಿನಲ್ಲಿ ಕಾಡೊಳಗೆ ನುಗ್ಗಿ, ಆಚೆ ಬದಿಯಲ್ಲಿ ಮತ್ತೆ ರಸ್ತೆಗೆ ಬಂದು ಸೇರುತ್ತದೆ. ನಡೆದು ಹೋಗುವವರು ಇವತ್ತಿಗೂ ಆ ದಾರಿಯನ್ನೇ ಹಿಡಿಯುತ್ತಾರೆ. ಅದಕ್ಕೆ ಮೂರು ಕೂಗಿನ ಕಣಿವೆ ಎಂದು ಹೆಸರು. ಅಲ್ಲಿ ಬೆಳಗಿನ ಮಂಜು ಬಿಸಿಲು ಏರಿದರೂ ಕರಗುವುದಿಲ್ಲ. ಆ ಮಂಜಿನಲ್ಲಿ ಹಿಂದಿನಿಂದ ನಮ್ಮ ಹೆಸರು ಹಿಡಿದು ಯಾರೋ ಕರೆಯುತ್ತಾರಂತೆ. ಕರೆಯುವುದು ಮನುಷ್ಯರಲ್ಲ. ಅದಕ್ಕೆ ಎರಡು ಸಲ ಮಾತ್ರ ಕರೆಯಲು ಸಾಧ್ಯ. ಆದ್ದರಿಂದ ಮೊದಲನೇ ಕೂಗಿಗೆ ಓಗೊಡಬಾರದು, ಎರಡನೆಯದಕ್ಕೆ ತಿರುಗಬಾರದು. ಮೂರನೆಯದೂ ಬಂದರೆ ಕರೆದದ್ದು ನಮ್ಮವರೇ. ಮನೆಯಲ್ಲಿ ದೊಡ್ಡವರು ಹೀಗೆಯೇ ಹೇಳಿ ಕಳಿಸುತ್ತಿದ್ದರು. ನನಗೆ ನನ್ನ ಅವ್ವ ಹೇಳಿದ್ದಳು, ಕಿವಿಯನ್ನು ಹಿಂಡಿ.

ಹೀಗಿರುವಾಗ ಸಾಲಿನ ಕೊನೆಗೆ ಯಾರು ನಡೆಯುತ್ತಾರೆ? ಕಣಿವೆಯ ಬಾಯಿಗೆ ಬರುತ್ತಿದ್ದಂತೆ ಎಲ್ಲರೂ ಒಬ್ಬರನ್ನೊಬ್ಬರು ನೂಕಿಕೊಂಡು ಮುಂದಾಗುತ್ತಾರೆ. ಮೇಸ್ತ್ರಿ ಒಬ್ಬರು ಮಾತ್ರ ದಾರಿಯ ಪಕ್ಕಕ್ಕೆ ಸರಿದು, ಕೋಲು ಊರಿ ನಿಂತು, "ಹೋಗ್ರಪ್ಪ, ಹೋಗ್ರಿ, ನಾನು ಬರ್ತೀನಿ" ಎನ್ನುತ್ತಿದ್ದರು. ಎಲ್ಲರೂ ಹೋದ ಮೇಲೆ ಪಂಚೆ ಎತ್ತಿ ಕಟ್ಟಿ ಹಿಂದೆ ಹೊರಡುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದು ಫೌಂಡ್ರಿಯಲ್ಲಿ. ಮರಳಿನಲ್ಲಿ ಅಚ್ಚು ಕಟ್ಟುವ ಮೇಸ್ತ್ರಿ. ಕುಳ್ಳಗೆ, ದಪ್ಪ ಕುತ್ತಿಗೆ, ಹಣೆಯ ಮೇಲೆ ವಿಭೂತಿ, ಅದರ ಮೇಲೆ ಬೆವರು. ಕುಲುಮೆಗೆ ಗಾಳಿ ಊದುವ ಬ್ಲೋವರಿನ ಸದ್ದಿಗೆ ಪಕ್ಕದಲ್ಲಿ ನಿಂತವನ ಮಾತು ಕೇಳುತ್ತಿರಲಿಲ್ಲ. ಆದರೆ ಶೆಡ್ಡಿನ ಆ ತುದಿಯಿಂದ ಯಾರು ಕೂಗಿದರೂ ಇವರು "ಓ" ಎನ್ನುತ್ತಿದ್ದರು. ಮೊದಲು ಓ, ಆಮೇಲೆ ಯಾರು, ಏನು ಎಂದು ವಿಚಾರಣೆ.

"ಕರೆದಿದ್ದು ನಿಮ್ಮನ್ನಲ್ಲ ಮೇಸ್ತ್ರಿ, ಅವನನ್ನ" ಎಂದರೆ, "ಇರ್ಲಿ ಬಿಡು. ಅವನಿಗೆ ಕೇಳಿಸಿದ್ರೆ ಅವನೂ ಅಂತಾನೆ" ಎನ್ನುತ್ತಿದ್ದರು.

ಕುಲುಮೆಯ ಹತ್ತಿರ ಒಬ್ಬ ತಮಿಳಿನವನು ಇದ್ದ, ಬಾಯಿ ಜೋರು. "ಏನು ಮೇಸ್ತ್ರಿ, ಯಮ ಬಂದು ಕರೆದ್ರೂ ಹಿಂಗೇ ಓ ಅಂತೀರಾ?" ಎಂದು ಒಂದು ದಿನ ಎಲ್ಲರೆದುರು ಕೇಳಿದ.

"ಕರೆದ ಮೇಲೆ ಅನ್ನಬೇಕಲ್ಲಪ್ಪಾ. ಅಷ್ಟು ದೂರದಿಂದ ಬಂದಿರ್ತಾನೆ" ಅಂದರು ಮೇಸ್ತ್ರಿ, ಅಚ್ಚಿನ ಮರಳು ತಟ್ಟುತ್ತಾ.

ಎಲ್ಲರೂ ನಕ್ಕೆವು. ಅವರು ನಗಲಿಲ್ಲ.

ನನಗೆ ಮಾತ್ರ ಒಂದು ಸಲ ಗದರಿದ್ದರು. ಕರಗಿದ ಕಬ್ಬಿಣ ತುಂಬಿದ ಬಕೆಟ್ಟನ್ನು ಇಬ್ಬರು ಹಿಡಿದು ತರುತ್ತಿದ್ದರು, ನಾನು ದಾರಿಗೆ ಅಡ್ಡವಾಗಿ ಬಗ್ಗಿದ್ದೆ. ಹಿಂದಿನಿಂದ "ಕುಮಾರಾ" ಎಂದು ಕೂಗಿದರು. ನಾನು ಅವ್ವ ಕಲಿಸಿದ ಹಾಗೆ ಸುಮ್ಮನಿದ್ದೆ. ಮೇಸ್ತ್ರಿ ಬಂದು ಕಾಲರು ಹಿಡಿದು ಎಳೆದು ಗೋಡೆಗೆ ಒರಗಿಸಿದರು. ಕೆಂಪಗಿನ ಕಬ್ಬಿಣ ನನ್ನ ಮೊಣಕಾಲಿನ ಪಕ್ಕದಲ್ಲೇ ಹಾದುಹೋಯಿತು, ಪ್ಯಾಂಟು ಸುಟ್ಟ ವಾಸನೆ ಬಂತು.

"ಎರಡನೇ ಸಲ ಕೂಗೋ ತನಕ ಕಬ್ಬಿಣ ಕಾಯುತ್ತೇನೋ? ಕರೆದ ತಕ್ಷಣ ಓ ಅನ್ಬೇಕು. ನಿಮ್ಮವ್ವಂಗೆ ನಾನು ಹೇಳಿದೆ ಅಂತ ಹೇಳು."

ಅವ್ವನಿಗೆ ಹೇಳಿದೆ. "ಅಂಥವರ ಜೊತೆ ಓಡಾಡಬೇಡ" ಎಂದಳು.

ಫೌಂಡ್ರಿಯ ಹೊರಗೂ ಅವರದು ಅದೇ ಕತೆ. ಶಿವಮೊಗ್ಗದ ಬಸ್‌ಸ್ಟ್ಯಾಂಡಿನಲ್ಲಿ ಅವರ ಜೊತೆ ನಿಲ್ಲುವುದೇ ಒಂದು ಕಷ್ಟ. ಯಾರೋ ಯಾರನ್ನೋ "ಅಣ್ಣಾ" ಎಂದರೆ ಇವರು "ಓ" ಎಂದು ಹೊರಟುಬಿಡುತ್ತಿದ್ದರು. ಒಂದು ಸಲ ಹೀಗೆ ಹೋಗಿ ಯಾವುದೋ ಹೆಂಗಸಿನ ಅಕ್ಕಿಮೂಟೆಯನ್ನು ಬಸ್ಸಿನ ಮೇಲೆ ಏರಿಸಿ ಬಂದರು. ಅಷ್ಟರಲ್ಲಿ ನಮ್ಮ ಭದ್ರಾವತಿ ಬಸ್ಸು ಹೋಗಿತ್ತು. ಅವರ ಮನೆಯಾಕೆ, ನಾನು ಅಮ್ಮ ಎಂದೇ ಕರೆಯುವುದು, ನನ್ನ ಹತ್ತಿರ ದೂರುತ್ತಿದ್ದರು: "ಇವರನ್ನ ಕರೆಯೋಕೇ ಹೆದರಿಕೆ ಕಣಪ್ಪ. ರೀ ಅನ್ನೋದ್ರೊಳಗೆ ಊಟದ ತಟ್ಟೆ ಬಿಟ್ಟು ಎದ್ದು ನಿಂತಿರ್ತಾರೆ. ಉಪ್ಪು ಬೇಕಾ ಅಂತ ಕೇಳೋಕೆ ಕರೆದಿದ್ದೆ."

ಅವರ ಮನೆಯ ಮುಂಬಾಗಿಲು ಹಗಲು ಹೊತ್ತು ಹಾಕಿದ್ದನ್ನು ನಾನು ನೋಡಿಲ್ಲ. ಹಾಕಿದರೆ ಕೇಳಿಸುವುದಿಲ್ಲ ಎನ್ನುತ್ತಿದ್ದರು. ಯಾರ ದನಿ ಎಂದು ಯಾರೂ ಕೇಳಲಿಲ್ಲ.

ನಾನು ಕೇಳಿದೆ, ಅದೂ ತಡವಾಗಿ. ನಾನಾಗಲೇ ಶಾಪು ಹಾಕಿದ್ದೆ, ಅವ್ವ ಹೋಗಿದ್ದಳು, ಅವಳ ಹರಕೆ ತೀರಿಸಲು ಮೊದಲ ಸಲ ಯಾತ್ರೆಗೆ ಸೇರಿದ್ದೆ. ಗಾಜನೂರಿನಲ್ಲಿ ಮಧ್ಯಾಹ್ನದ ಬಿಡಾರ. ಅಣೆಕಟ್ಟೆಯ ಕೆಳಗೆ ತುಂಗೆಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆವು. ಬಿಸಿಲು ಚೆನ್ನಾಗಿತ್ತು, ಮಕ್ಕಳು ನೀರು ಎರಚಾಡುತ್ತಿದ್ದರು, ಹೆದರಲು ಕಾರಣವೇ ಇರಲಿಲ್ಲ. ಅದಕ್ಕೇ ಧೈರ್ಯ ಬಂದು ಕೇಳಿದೆ.

"ಮೇಸ್ತ್ರಿ, ಕಣಿವೇಲಿ ನಿಜವಾಗ್ಲೂ ಯಾರೋ ಕರೀತಾರಾ?"

"ಕರೀತಿದ್ದ" ಅಂದರು.

ಕರೀತಿದ್ದ ಎಂದು ಅವರು ಅಂದ ರೀತಿಗೆ, ಅಷ್ಟು ಬಿಸಿಲಿನಲ್ಲಿ ನನ್ನ ಕಾಲು ನೀರಿನೊಳಗೆ ತಣ್ಣಗಾಯಿತು.

"ಯಾರು?"

"ನಮ್ಮ ಮುತ್ತಾತನೇ ಕಣೋ."

ಅವರು ಹೇಳಿದ್ದನ್ನು ನನಗೆ ನೆನಪಿರುವಂತೆ ಹೇಳುತ್ತೇನೆ. ಆ ಮುತ್ತಾತ ಮತ್ತು ಅವನ ತಮ್ಮ ಇಬ್ಬರೂ ಶಿವರಾತ್ರಿಗೆ ಹೊರಟಿದ್ದರು, ಜೊತೆಗೆ ಊರಿನ ಜನ. ತಮ್ಮನಿಗೆ ದಾರಿಯಲ್ಲೇ ಜ್ವರ. ಕಣಿವೆಯಲ್ಲಿ ಅವನು ಸ್ವಲ್ಪ ಹಿಂದೆ ಬಿದ್ದ. ಮಂಜು. ಹಿಂದಿನಿಂದ "ಅಣ್ಣಾ" ಎಂದು ಒಂದು ಕೂಗು. ಕಾಡಿನಲ್ಲಿ ಮೊದಲ ಕೂಗಿಗೆ ಓಗೊಡಬಾರದು ಎಂದು ಆಗಲೂ ಹೇಳುತ್ತಿದ್ದರು, ಎಲ್ಲ ಕಾಡಿಗೂ ಇರುವ ಮಾತು ಅದು. ಎಲ್ಲರೂ ಬೇಗ ಬೇಗ ಹೆಜ್ಜೆ ಹಾಕಿದರು. ಇನ್ನೊಂದು ಕೂಗು ಬಂತು, ಮೊದಲಿಗಿಂತ ಸಣ್ಣಗೆ. ದನಿ ತಮ್ಮನದೇ ಎಂದು ಅಣ್ಣನಿಗೆ ಗೊತ್ತು. ಅಂಥದ್ದು ನಮ್ಮವರ ದನಿಯಲ್ಲೇ ಕರೆಯುತ್ತದೆ ಎಂದೂ ಗೊತ್ತು. ಮೂರನೆಯದು ಬರಲಿ, ಹೋಗುತ್ತೇನೆ ಎಂದುಕೊಂಡು ನಡೆಯುತ್ತಲೇ ಇದ್ದ. ಮೂರನೆಯದು ಬರಲಿಲ್ಲ.

"ಆಮೇಲೆ ಹೋಗಿ ನೋಡಿದ್ರೆ ದಾರಿ ಪಕ್ಕದಲ್ಲೇ ಒಂದು ಚಪ್ಪಟೆ ಬಂಡೆ, ಅದರ ಮೇಲೆ ಕೂತಿದ್ದನಂತೆ. ಇಲ್ಲಿಂದ ಆ ಟೀ ಅಂಗಡಿ ಇದೆಯಲ್ಲ, ಅಷ್ಟೇ ದೂರ. ಕೂತಂಗೇ ಹೋಗಿದ್ದ."

ನಾನು ಟೀ ಅಂಗಡಿಯ ಕಡೆ ನೋಡಿದೆ. ಅಲ್ಲಿ ಶೇಖರಣ್ಣ ಬೋಂಡ ತಿನ್ನುತ್ತಿದ್ದದ್ದು, ಅವರ ಮೀಸೆಗೆ ಚಟ್ನಿ ಹತ್ತಿದ್ದದ್ದು ಕೂಡ ಕಾಣುತ್ತಿತ್ತು.

"ಆಮೇಲೆ?"

"ಆಮೇಲೆ ಏನು? ಅಣ್ಣನಿಗೆ ತಲೆ ನಿಲ್ಲಲಿಲ್ಲ. ಪ್ರತಿ ಶಿವರಾತ್ರಿ ಆ ಬಂಡೆ ಹತ್ರ ಹೋಗಿ ಕೂತು, ತಮ್ಮನ ಹೆಸರು ಹಿಡಿದು ಮೂರು ಸಲ ಕೂಗೋನಂತೆ. ಆ ಮೂರನೇದು ಬಾಕಿ ಇತ್ತಲ್ಲ, ಅದಕ್ಕೆ. ಮಂಜಲ್ಲಿ ದಾರಿಹೋಕರಿಗೆ ಮನುಷ್ಯ ಕಾಣ್ತಿರಲಿಲ್ಲ, ಕೂಗು ಮಾತ್ರ ಕೇಳೋದು. ಕೇಳಿದೋರೆಲ್ಲ ಬಿದ್ದು ಎದ್ದು ಓಡಿದ್ರು. ಮೂರು ಕೂಗಿನ ಕಣಿವೆ ಅಂತ ಹೆಸರಿಟ್ಟೋರು ಆ ಓಡಿದೋರೇ. ಎರಡು ಕೂಗು ದೆವ್ವದ್ದು, ಮೂರನೇದು ಮನುಷ್ಯಂದು ಅನ್ನೋ ಲೆಕ್ಕ ಆಮೇಲೆ ಸೇರಿಸಿದ್ರು. ಮೂರೂ ನಮ್ಮ ಮುತ್ತಾತಂದೇ."

ಇದು ನಿಜವೋ ಸುಳ್ಳೋ ನಾನು ಹೇಳಲಾರೆ. ಶೇಖರಣ್ಣ ಬೇರೆ ಹೇಳುತ್ತಾರೆ, ಕ್ಷೇತ್ರದ ಅರ್ಚಕರು ಮತ್ತೊಂದು ಹೇಳುತ್ತಾರೆ. ಮೇಸ್ತ್ರಿಯ ಮನೆಯಲ್ಲಿ ಮಾತ್ರ ಅಂದಿನಿಂದ ಒಂದು ಕಟ್ಟು. ಅವರಲ್ಲಿ ಯಾತ್ರೆಗೆ ಹೋಗುವವನು ಕಣಿವೆಯಲ್ಲಿ ಎಲ್ಲರ ಹಿಂದೆ ನಡೆಯಬೇಕು, ಯಾರು ಕರೆದರೂ ಮೊದಲ ಕೂಗಿಗೇ ಓ ಎನ್ನಬೇಕು. ಮೇಸ್ತ್ರಿಗೆ ಗಂಡುಮಕ್ಕಳಿಲ್ಲ, ಅಣ್ಣತಮ್ಮಂದಿರಿಲ್ಲ. ಅವರೇ ಕೊನೆಯವರು.

"ನಿಮಗೆ ಹೆದರಿಕೆ ಆಗಲ್ವಾ?" ಎಂದೆ.

"ಆಗುತ್ತೆ ಕಣೋ. ದೆವ್ವ ಕರೆದ್ರೆ ಅಂತಲ್ಲ. ಯಾರೋ ಕರೆದು, ನನಗೆ ಕೇಳಿಸದೇ ಹೋದ್ರೆ ಅಂತ."

ಆ ಮಾತನ್ನು ಅವರು ಹೇಳಿದಾಗ ಅವರ ಕಿವಿ ಚೆನ್ನಾಗಿಯೇ ಇತ್ತು. ಆಮೇಲೆ ಅದೇ ಆಯಿತು. ಬ್ಲೋವರಿನ ಪಕ್ಕದಲ್ಲಿ ಆಯುಷ್ಯ ಕಳೆದವರ ಕಿವಿ ಉಳಿಯುವುದಿಲ್ಲ. ಮೊದಲು ಎಡಗಿವಿ, ಆಮೇಲೆ ಬಲಗಿವಿ. ಶಿವಮೊಗ್ಗದ ಡಾಕ್ಟರ ಹತ್ತಿರ ನಾನೇ ಬೈಕಿನಲ್ಲಿ ಕರೆದುಕೊಂಡು ಹೋಗಿ ಕಿವಿಗೆ ಮಿಷನ್ ಹಾಕಿಸಿಕೊಂಡು ಬಂದೆ. ಅದು ಬೇಕಾದಾಗ ಸುಮ್ಮನಿದ್ದು ಬೇಡದಾಗ ಕುಂಯ್ ಎನ್ನುತ್ತಿತ್ತು. ಪ್ರತಿ ಕುಂಯ್‌ಗೂ ಅವರು "ಓ" ಎನ್ನುತ್ತಿದ್ದರು. ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಬರಲಿಲ್ಲ. ಮಾತಿನ ನಡುವೆ ಥಟ್ಟನೆ ನನ್ನ ತೋಳು ಹಿಡಿದು, "ಯಾರಾದ್ರೂ ಕರೆದ್ರಾ?" ಎಂದು ಕೇಳುತ್ತಿದ್ದರು. ಇಲ್ಲ ಎಂದರೆ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ ತೋಳು ಬಿಡುತ್ತಿದ್ದರು. ಫೋನನ್ನು ಅಂಗಿಯ ಜೇಬಿನಲ್ಲಿ ಎದೆಗೆ ಒತ್ತಿಕೊಂಡೇ ಮಲಗುತ್ತಾರೆ ಎಂದು ಅಮ್ಮ ಹೇಳಿದರು. ಅದು ನಡುಗಿದರಾದರೂ ತಿಳಿಯಲಿ ಎಂದು.

ಹೋದ ವರ್ಷದ ಯಾತ್ರೆಗೆ ಅವರನ್ನು ಬಿಟ್ಟು ಹೋಗೋಣ ಎಂದು ಶೇಖರಣ್ಣ ಅಂದರು. ಮೇಸ್ತ್ರಿ ನನ್ನ ಶಾಪಿಗೆ ಬಂದು ನಿಂತರು.

"ನನ್ನ ಜೊತೆ ಹಿಂದೆ ನಡಿ ಕುಮಾರ. ನೀನು ನನ್ನ ಕಿವಿ. ಕೇಳಿಸಿದ್ರೆ ಹೇಳು, ಅಷ್ಟೇ. ಓ ಅನ್ನೋದು ನಾನು ಅಂತೀನಿ."

ಆಗಲ್ಲ ಎನ್ನಬಹುದಿತ್ತು. ಕೆಲಸಕ್ಕೆ ಬಂದ ಹುಡುಗರು ನೋಡುತ್ತಿದ್ದರು. ನಾನು "ಬರ್ತೀನಿ ನಡೀರಿ" ಎಂದೆ.

ಕಣಿವೆಗೆ ನುಗ್ಗಿದಾಗ ಬೆಳಗಾಗಿತ್ತು, ಬೆಳಕು ಮಾತ್ರ ಇರಲಿಲ್ಲ. ಮಂಜು ಮುಖಕ್ಕೆ ಒದ್ದೆ ಬಟ್ಟೆ ಹಾಕಿದ ಹಾಗೆ ಅಂಟುತ್ತಿತ್ತು. ಮುಂದೆ ನಮ್ಮ ತಂಡ, ಅದಕ್ಕೂ ಮುಂದೆ ಶಂಕರಘಟ್ಟದ ಕಡೆಯ ಇನ್ನೊಂದು ತಂಡ. ಸ್ವಲ್ಪ ಹೊತ್ತು ಅವರ ಶಿವನಾಮ ಕೇಳುತ್ತಿತ್ತು, ಆಮೇಲೆ ನಮ್ಮ ಚಪ್ಪಲಿಯ ಸದ್ದು ಮಾತ್ರ. ಮೇಸ್ತ್ರಿಯ ಮಿಷನ್ ತೇವಕ್ಕೆ ಕುಂಯ್ ಎನ್ನುತ್ತಿತ್ತು. ಅವರು ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡು, ನನ್ನ ಮುಂಗೈ ಹಿಡಿದು ನಡೆದರು. ಆ ಚಪ್ಪಟೆ ಬಂಡೆ ಬಂತು. ನಾನು ಅದರ ಕಡೆ ನೋಡದೆ ದಾಟಿದೆ.

ಆಗ ಕೇಳಿತು.

"ಕುಮಾರಾ..."

ಹಿಂದಿನಿಂದ. ಹೆಂಗಸಿನ ದನಿ. ನನ್ನ ಅವ್ವ ಹೋಗಿ ವರ್ಷಗಳಾಗಿವೆ. ಅವಳ ದನಿ ಅಲ್ಲ ಎಂದು ನನಗೆ ಗೊತ್ತು. ಆದರೂ ಕುತ್ತಿಗೆಯ ಹಿಂದಿನ ಕೂದಲು ಎದ್ದು ನಿಂತಿತು. ಮೇಸ್ತ್ರಿಗೆ ಏನೂ ಕೇಳಿಸಿರಲಿಲ್ಲ, ಅವರು ಕೋಲು ಊರುತ್ತಾ ನಡೆಯುತ್ತಲೇ ಇದ್ದರು. ನಾನೂ ಸುಮ್ಮನೆ ನಡೆದುಬಿಟ್ಟರೆ ಆಯಿತು. ಟಾರು ರಸ್ತೆಗೆ ಇನ್ನು ಹೆಚ್ಚು ದೂರವಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ. ಎರಡನೇ ಕೂಗು ಬರಲಿ ಎಂದುಕೊಂಡೆ. ಬರಲಿಲ್ಲ. ಬರದೇ ಇದ್ದದ್ದು ಬಂದದ್ದಕ್ಕಿಂತ ಹೆಚ್ಚು ಹೆದರಿಸಿತು.

ಮೇಸ್ತ್ರಿ ನಿಂತರು. ನನ್ನ ಮುಂಗೈ ಅವರ ಕೈಯಲ್ಲಿತ್ತಲ್ಲ, ನಾಡಿ ಅವರಿಗೆ ಗೊತ್ತಾಗಿರಬೇಕು.

"ಯಾರೋ ಕರೆದ್ರು. ಹೌದಾ ಅಲ್ವಾ?"

ಇಲ್ಲ ಎಂದು ತಲೆಯಾಡಿಸಬೇಕು ಅಂದುಕೊಂಡೆ. ತಲೆ ಆಡಲಿಲ್ಲ. ಅವರ ಕಣ್ಣು ನೋಡಿದೆ. ಅಂಥ ಹೆದರಿಕೆಯನ್ನು ನಾನು ಮನುಷ್ಯರ ಕಣ್ಣಲ್ಲಿ ಕಂಡಿರಲಿಲ್ಲ. ನನ್ನದು ಹಿಂದೆ ಏನಿದೆಯೋ ಎಂಬ ಹೆದರಿಕೆ. ಅವರದು ನಾನು ಸುಳ್ಳು ಹೇಳಿಬಿಟ್ಟೇನೋ ಎಂಬ ಹೆದರಿಕೆ.

"ಹೌದು" ಎಂದು ತಲೆಯಾಡಿಸಿದೆ. ಕೈ ಎತ್ತಿ ಹಿಂದಕ್ಕೆ, ಕೆಳಗೆ ತೋರಿಸಿದೆ.

"ಓ!" ಎಂದು ಕೂಗಿದರು ಮೇಸ್ತ್ರಿ. ಗುಡ್ಡ ಅದನ್ನು ತಿರುಗಿಸಿ ಕೊಟ್ಟಿತು. "ನೀನೂ ಅನ್ನೋ. ಕರೆದಿದ್ದು ನಿನ್ನ ಹೆಸರು ತಾನೇ? ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ."

ನಾನೂ "ಓ" ಎಂದೆ. ನನ್ನ ದನಿ ನನಗೇ ಕೇಳಲಿಲ್ಲ. ಇನ್ನೊಮ್ಮೆ ಎಂದೆ.

ಬಂಡೆಯ ಆಚೆ, ದಾರಿಯಿಂದ ಸ್ವಲ್ಪ ಕೆಳಗೆ ಇಳಿಜಾರಿನಲ್ಲಿ, ಮರದ ಬುಡಕ್ಕೆ ಒರಗಿ ಒಬ್ಬ ಹೆಂಗಸು ಕೂತಿದ್ದಳು. ನೀಲಿ ಸ್ವೆಟರು, ಒಂದು ಕಾಲಿನ ಚಪ್ಪಲಿ ಇರಲಿಲ್ಲ. ಎದೆ ಏರಿ ಇಳಿಯುತ್ತಿತ್ತು, ಉಬ್ಬಸ. ಪಕ್ಕಕ್ಕೆ ಹೋದವಳು ಜಾರಿ ಬಿದ್ದಿದ್ದಾಳೆ. ಒಂದು ಸಲ ಕೂಗುವಷ್ಟು ಉಸಿರಿತ್ತು, ಕೂಗಿದ್ದಾಳೆ. ಎರಡನೆಯದಕ್ಕೆ ಇರಲಿಲ್ಲ. ಕೈಯಲ್ಲಿ ಉಬ್ಬಸದ ಪಂಪು ಒತ್ತುವ ಹಾಗೆ ಮಾಡಿ ಮುಂದಕ್ಕೆ ತೋರಿಸಿದಳು. ಪಂಪು ಇದ್ದ ಚೀಲ ಮುಂದೆ ಹೋದವರ ಹೆಗಲಲ್ಲಿತ್ತು.

"ಓಡು" ಎಂದರು ಮೇಸ್ತ್ರಿ. ಅವರು ಆಕೆಯ ಪಕ್ಕ ಕೂತು ಬೆನ್ನು ನೀವುತ್ತಾ, "ಇಲ್ಲೇ ಇದೀನಿ ತಾಯಿ, ಇಲ್ಲೇ ಇದೀನಿ" ಎನ್ನುತ್ತಿದ್ದರು.

ನಾನು ಓಡಿದೆ. ಕಣಿವೆ ಮುಗಿದು ಟಾರು ಸೇರುವಲ್ಲಿ ಒಂದು ಟೀ ಅಂಗಡಿ ಇದೆ. ಅಲ್ಲಿ ಒಬ್ಬ ಮೂವತ್ತರ ಪ್ರಾಯದವನು ಎರಡು ಚೀಲ ಹೊತ್ತುಕೊಂಡು, ಕಣಿವೆಯ ಕಡೆಗೇ ಮುಖ ಮಾಡಿ ನಿಂತಿದ್ದ. ಬಣ್ಣ ಬಿಳಿಚಿತ್ತು. ಏನಾಯಿತೆಂದು ನಾನು ಹೇಳುವ ಮೊದಲೇ ಅವನ ಕೈ ಚೀಲದೊಳಗೆ ಹೋಯಿತು.

"ನಿನ್ನ ಹೆಸರು ಕುಮಾರನಾ?" ಎಂದೆ.

"ಹೌದಣ್ಣ. ನಮ್ಮಮ್ಮ..." ಅವನು ಪಂಪನ್ನು ಹೊರಗೆ ತೆಗೆದ. "ಕೇಳಿಸ್ತು ಅಣ್ಣ. ಒಂದು ಸಲ ಕೇಳಿಸ್ತು. ಮೂರನೇ ಕೂಗಿಗೆ ಕಾಯ್ತಾ ಇದ್ದೆ."

ಅವನನ್ನು ಬೈಯುವ ಹಕ್ಕು ನನಗಿರಲಿಲ್ಲ, ಎರಡನೆಯದಕ್ಕೆ ನಾನೂ ಕಾದಿದ್ದೆ. ಇಬ್ಬರೂ ಕುಮಾರರು ಪಂಪು ಹಿಡಿದು ಓಡಿದೆವು.

ಹೆಂಗಸು ಉಳಿದಳು. ಶಂಕರಘಟ್ಟದಲ್ಲಿ ಓದುವ ಹುಡುಗರಿಗೆ ಮೆಸ್ ನಡೆಸುವವಳಂತೆ. ಉಸಿರು ತಿರುಗಿದ ಮೇಲೆ ಆಕೆ ಮೇಸ್ತ್ರಿಯ ಕೈಯನ್ನು ಕಣ್ಣಿಗೊತ್ತಿಕೊಂಡು, "ಹೆತ್ತ ಕುಮಾರ ಅಲ್ಲಿ ನಿಂತ, ಯಾವುದೋ ಕುಮಾರ ಬಂದ" ಎಂದು ಮಗನ ಕಡೆ ನೋಡಿದಳು. ನಗುತ್ತಲೇ ಹೇಳಿದಳು. ಅವನು ತಲೆ ಎತ್ತಲಿಲ್ಲ. ಮೇಸ್ತ್ರಿಗೆ ಅದು ಕೇಳಿಸಿರಲಿಲ್ಲ. ಅವನು ಟೀ ಅಂಗಡಿಯಲ್ಲಿ ನಿಂತಿದ್ದನೆಂದು ನಾನು ಕಿವಿಯ ಹತ್ತಿರ ಕೂಗಿ ಹೇಳಿದ ಮೇಲೆ, ಅವನ ಹತ್ತಿರ ಹೋಗಿ ಬೆನ್ನು ತಟ್ಟಿ, "ನೀನು ಅಲ್ಲೇ ನಿಂತಿದ್ದೆಯಂತಲ್ಲೋ, ಮುಂದೆ ಹೋಗಲಿಲ್ಲ. ಅಷ್ಟಾದ್ರೂ ಮಾಡಿದೆ. ನಮ್ಮ ಮುತ್ತಾತ ಅದನ್ನೂ ಮಾಡಿರಲಿಲ್ಲ" ಎಂದರು. ಅವನಿಗೆ ಅರ್ಥವಾಗಲಿಲ್ಲ, ಆದರೂ ಅತ್ತ.

ದೀಪಾವಳಿಯ ನಂತರ ಮೇಸ್ತ್ರಿ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ನೋಡಲು ಹೋಗಿದ್ದೆ. ಮುಂಬಾಗಿಲು ಎಂದಿನಂತೆ ತೆರೆದಿತ್ತು. ಮಿಷನ್ ಗೋಡೆಯ ಗೂಡಿನಲ್ಲಿತ್ತು, ಈಗ ಅದನ್ನು ಹಾಕಿದರೂ ಬಿಟ್ಟರೂ ಒಂದೇ. ಅಮ್ಮ ಅವರೆಕಾಯಿ ಸುಲಿಯುತ್ತಾ ಮಂಚದ ಪಕ್ಕ ಕೂತಿದ್ದರು. ನಾವಿಬ್ಬರೂ ಏನೂ ಮಾತಾಡುತ್ತಿರಲಿಲ್ಲ.

ಮೇಸ್ತ್ರಿ ಕಣ್ಣು ಬಿಟ್ಟರು.

"ಓ" ಅಂದರು.

ಸ್ಪಷ್ಟವಾಗಿ, ಫೌಂಡ್ರಿಯಲ್ಲಿ ಅನ್ನುತ್ತಿದ್ದ ಹಾಗೆ. ಮೊಣಕೈ ಊರಿ ಏಳಲು ನೋಡಿದರು. ಮುಖ ಬಾಗಿಲ ಕಡೆಗಿತ್ತು.

ಅಮ್ಮನ ಕೈಯಿಂದ ಅವರೆಕಾಯಿ ಕೆಳಗೆ ಬಿತ್ತು. "ನೀನು ಕರೆದ್ಯೇನಪ್ಪಾ?"

"ಇಲ್ಲಮ್ಮ."

ಇಬ್ಬರೂ ಬಾಗಿಲ ಕಡೆ ನೋಡಿದೆವು. ಬೀದಿಯಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಅಮ್ಮ ಎದ್ದು ಹೋಗಿ ಬಾಗಿಲು ಹಾಕಿದರು. ಚಿಲಕಕ್ಕೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು. ಆಮೇಲೆ ಮತ್ತೆ ತೆರೆದರು. "ತೆಗೆದಿರ್ಲಿ. ಹಾಕಿದ್ರೆ ಇವರಿಗೆ ಆಗಲ್ಲ" ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಸಂಜೆಯೊಳಗೆ ಮೇಸ್ತ್ರಿ ಹೋದರು. ಅವರು ಯಾರಿಗೆ ಓಗೊಟ್ಟರು ಎಂದು ನಾನು ಯೋಚನೆ ಮಾಡಬಾರದು ಎಂದುಕೊಂಡೇ ಇಷ್ಟು ದಿನ ಕಳೆದಿದ್ದೇನೆ.

ಈ ಶಿವರಾತ್ರಿಗೆ ಕಣಿವೆಯ ಬಾಯಲ್ಲಿ ನಾನು ಪಕ್ಕಕ್ಕೆ ಸರಿದು ನಿಂತೆ. ಕೈಯಲ್ಲಿ ಮೇಸ್ತ್ರಿಯ ಕೋಲು, ಅಮ್ಮನೇ ಕೊಟ್ಟದ್ದು. "ಹೋಗ್ರಪ್ಪ, ಹೋಗ್ರಿ, ನಾನು ಬರ್ತೀನಿ" ಎಂದೆ. ಎಲ್ಲರೂ ನನ್ನ ಮುಖ ನೋಡದೆ ಮುಂದೆ ಹೋದರು. ಕೊನೆಯವನ ಬೆನ್ನು ಮಂಜಿನಲ್ಲಿ ಕರಗಿದ ಮೇಲೆ ನಾನು ಹೊರಟೆ.

ಪಂಚಾಕ್ಷರಿ ಹೇಳಿಕೊಳ್ಳೋಣವೆಂದರೆ ಕಿವಿ ಬಿಡಲಿಲ್ಲ. ನನ್ನ ಬಾಯಿ ಸದ್ದು ಮಾಡಿದರೆ ಹಿಂದಿನ ಸದ್ದು ಕೇಳುವುದಿಲ್ಲವಲ್ಲ. ಸುಮ್ಮನೆ ನಡೆದೆ. ಎಲೆಯಿಂದ ನೀರು ತೊಟ್ಟಿಕ್ಕುವುದು, ಎಲ್ಲೋ ಹಕ್ಕಿ ರೆಕ್ಕೆ ಬಡಿಯುವುದು, ಒಂದೊಂದೂ ನನ್ನ ಹೆಸರಿನ ಮೊದಲಕ್ಷರದ ಹಾಗೆ ಕೇಳುತ್ತಿತ್ತು. ಮೇಸ್ತ್ರಿ ಇಷ್ಟು ವರ್ಷ ಹೀಗೆ ನಡೆದರೇ ಎನಿಸಿತು. ಧೈರ್ಯವಿದ್ದವರು ಎಂದು ನಾವು ಅವರನ್ನು ಸುಲಭವಾಗಿ ಹಿಂದೆ ಬಿಟ್ಟು ಹೋಗುತ್ತಿದ್ದೆವು.

ಬಂಡೆ ಬಂತು. ಈ ಸಲ ಅದರ ಕಡೆ ನೋಡಿದೆ. ಒದ್ದೆ ಕಲ್ಲು, ಅದರ ಮೇಲೆ ಹಣ್ಣೆಲೆ. ಒಬ್ಬ ಮನುಷ್ಯ ಕೂರುವಷ್ಟು ಜಾಗ. ಯಾರೂ ಕರೆಯಲಿಲ್ಲ. ಕರೆಯದಿದ್ದರೂ ಅಲ್ಲಿ ಕಾಲು ನಿಂತಿತು. ಎಂದೋ ಕರೆದಿದ್ದ ಒಬ್ಬನಿಗೆ ಯಾರೂ ಉತ್ತರ ಕೊಟ್ಟಿರಲಿಲ್ಲ. ಆಮೇಲೆ ಮೂರು ಸಲ ಕರೆದ ಅವನ ಅಣ್ಣನಿಗೂ ಕೊಟ್ಟಿರಲಿಲ್ಲ. ನಾನು ಕೋಲು ಊರಿ, ಹೊಟ್ಟೆಯಿಂದ ಉಸಿರು ತೆಗೆದು, "ಓ" ಎಂದೆ.

ಮುಂದೆ, ಮಂಜಿನೊಳಗೆ, ಜನ ಬಿದ್ದು ಎದ್ದು ಓಡುವ ಸದ್ದು ಕೇಳಿತು.

ನಗು ಬಂತು. ಆ ನಗುವಿನಲ್ಲೇ ಉಳಿದ ದಾರಿ ಮುಗಿಸಿ ಟೀ ಅಂಗಡಿ ಸೇರಿದೆ. ನಮ್ಮವರೆಲ್ಲ ಅಂಗಡಿಯ ತಗಡಿನ ಗೋಡೆಗೆ ಅಂಟಿಕೊಂಡು ನಿಂತಿದ್ದರು. ಒಬ್ಬನ ಪಂಚೆ ಹರಿದಿತ್ತು. ನನಗೊಂದು ಟೀ ಬಂತು.

"ಕುಮಾರ, ಕೇಳಿಸ್ತಾ?" ಎಂದರು ಶೇಖರಣ್ಣ.

"ಓ ಅಂದಿದ್ದಾ? ನಾನೇ ಕಣ್ರಿ ಅಂದಿದ್ದು. ಏನ್ ಶೇಖರಣ್ಣ, ಈ ವಯಸ್ಸಲ್ಲಿ ಹಂಗೆ ಓಡ್ತೀರಾ?"

ಯಾರೂ ನಗಲಿಲ್ಲ.

"ನಿನ್ನ ದನಿ ನಮಗೆ ಗೊತ್ತಿಲ್ವಾ ಮಾರಾಯ?" ಎಂದರು ಶೇಖರಣ್ಣ, ಮೆಲ್ಲಗೆ. "ನಿಂದು ಕೇಳಿಸ್ತು. ಅದಕ್ಕೆ ನಾವು ಓಡಲಿಲ್ಲ. ಅದಾದ ಮೇಲೆ ಇನ್ನೊಂದು ಬಂತಲ್ಲ, ಅದು ಯಾರ್ದು?"

ಗುಡ್ಡ ತಿರುಗಿಸಿ ಕೊಟ್ಟದ್ದಿರಬೇಕು ಎಂದು ಹೇಳಲು ಬಾಯಿ ತೆರೆದೆ. ಹಾಗಿದ್ದರೆ ನನಗೂ ಕೇಳಬೇಕಿತ್ತು. ನನಗೆ ಕೇಳಿರಲಿಲ್ಲ. ನನ್ನದೇ ಕೂಗಿನ ಸದ್ದಿನಲ್ಲಿ ಮುಳುಗಿಹೋಯಿತೇ? ಹಿಂದೆ ಬೇರೆ ತಂಡದವರು ಯಾರಾದರೂ ಉಳಿದಿದ್ದಾರೆಯೇ? ಜಾರಿ ಬಿದ್ದವರು, ಉಸಿರಿಲ್ಲದವರು?

ಕಣಿವೆಯ ಕಡೆ ನೋಡಿದೆ. ಮಂಜು ಹಾಗೆಯೇ ಇತ್ತು. ಟೀ ಗ್ಲಾಸನ್ನು ಬೆಂಚಿನ ಮೇಲಿಟ್ಟೆ. ಕೋಲು ತೆಗೆದುಕೊಂಡು, ಬಂದ ದಾರಿಗೇ ತಿರುಗಿ ಹೊರಟೆ.

"ಕುಮಾರಾ!" ಎಂದು ಶೇಖರಣ್ಣ ಹಿಂದಿನಿಂದ ಕೂಗಿದರು.

"ಓ" ಎಂದೆ, ನಿಲ್ಲಲಿಲ್ಲ.